ಮೆರಿಲೂಸನ ಕಾಡಿನಲ್ಲಿ ಯಾರ್ಯಾರಿದ್ದರು

ಮೆರಿಲೂಸ್ ಮಾಡಿದ ತಪ್ಪು ಒಂದೇ. ಬಣ್ಣ ಬೇಗ ಒಣಗಲಿ ಎಂದು ಬೆಳಗ್ಗೆ ತನ್ನ ಚಿತ್ರವನ್ನು ಹೊರಗೆ ತಂದು ವಠಾರದ ಮಾವಿನ ಮರಕ್ಕೆ ಒರಗಿಸಿಟ್ಟ.

ಕುರ್ಚಿಗೆ ಹುಲ್ಲು ಹೆಣೆಯುವುದು ಅವನ ಕಸುಬು. ಚಿತ್ರ ಬರೆಯುವುದನ್ನು ಯಾರೂ ಕಲಿಸಿದ್ದಲ್ಲ, ತಾನಾಗಿ ಅಂಟಿದ ಚಟ. ಬರೆದದ್ದೆಲ್ಲ ಕಾಡೇ. ಚಾಪೆಯಷ್ಟಗಲದ ಎಲೆಗಳು, ಅವುಗಳ ನಡುವೆ ಜಿರಾಫೆ, ಸಿಂಹ, ನೀರಾನೆ. ಹೈಟಿಯಲ್ಲಿ ಇವು ಯಾವುವೂ ಇಲ್ಲವೆಂಬುದು ಅವನಿಗೊಂದು ಅಡ್ಡಿಯೇ ಅಲ್ಲ. ಸಿಂಹವನ್ನು ಬಿಸ್ಕತ್ತಿನ ಡಬ್ಬಿಯ ಮೇಲೆ ಕಂಡಿದ್ದ, ಉಳಿದವನ್ನು ದೇವರ ಮೇಲೆ ಭಾರ ಹಾಕಿ ಬರೆದಿದ್ದ. ಈವತ್ತು ಮಧ್ಯಾಹ್ನ ರಾಜಧಾನಿಯಿಂದ ಚಿತ್ರದಂಗಡಿಯ ಮದಾಮ್ ದೊರ್ಸೆನ್ ಬರುವವಳಿದ್ದಳು.

"ಅವಳೂ ತಗೊಂಡು ಹೋಗಲಿಲ್ಲ ಅಂದ್ರೆ ನಿಮ್ಮ ಬಣ್ಣದ ಡಬ್ಬಿ ಎಲ್ಲ ಹೊಳೆಗೆ," ಎಂದು ಹೆಂಡತಿ ಕ್ಲೋಡೆಟ್ ಹೇಳಿಯಾಗಿತ್ತು. ಕ್ಲೋಡೆಟ್ ಹೇಳಿದ್ದನ್ನು ಮಾಡುವ ಹೆಂಗಸು.

ಆ ವಠಾರದಲ್ಲಿ ಯಾರೂ ಯಾರನ್ನೂ ನೇರವಾಗಿ ಬಯ್ಯುವುದಿಲ್ಲ. ಚುಚ್ಚಬೇಕೆಂದರೆ ಬಟ್ಟೆ ಒಗೆಯುತ್ತ ಹಾಡು ಕಟ್ಟಿ ಹಾಡುತ್ತಾರೆ, ಇಲ್ಲವೇ ನಾಯಿಗೆ ಹೆಸರಿಡುತ್ತಾರೆ. ಬಾಳೆಕಾಯಿ ಕರಿದು ಮಾರುವ ಜಿಲ್ಮಾ ಅತ್ತೆಯ ನಾಯಿಯ ಹೆಸರು 'ನನಗೆಲ್ಲಾ ಗೊತ್ತು'. ಅದನ್ನು ಅವಳು ಕೂಗಿ ಕರೆದಾಗಲೆಲ್ಲ ವಠಾರದಲ್ಲಿ ಯಾರಿಗಾದರೂ ತುತ್ತು ಗಂಟಲಲ್ಲಿ ನಿಲ್ಲುತ್ತದೆ. ಕೇಳಿದರೆ, ನಾಯಿ ಕರೆದೆನಪ್ಪ ಎನ್ನುತ್ತಾಳೆ. ಇಂಥ ಕಡೆ ಮೆರಿಲೂಸನ ಕಾಡು ಬರೀ ಕಾಡು ಎಂದರೆ ಯಾರು ನಂಬುತ್ತಾರೆ?

ಮೊದಲು ಬಂದವಳು ಜಿಲ್ಮಾ ಅತ್ತೆಯೇ. ಸೊಂಟಕ್ಕೆ ಕೈಕೊಟ್ಟು ಚಿತ್ರವನ್ನು ನೋಡಿದಳು.

"ಏನೋ ಇದು, ಇಷ್ಟುದ್ದ ಕತ್ತು?"

"ಜಿರಾಫೆ ಅತ್ತೆ."

"ಬೇಲಿ ಮೇಲಿಂದ ಏನು ನೋಡ್ತಿದೆ?"

"ಅದು ಬೇಲಿ ಅಲ್ಲ, ಪೊದೆ. ಚಿಗುರು ತಿಂತಿದೆ."

"ನಾನು ಕಂಡೋರ ಮನೆ ಒಳಗೆ ಇಣುಕ್ತೀನಿ ಅಂತ ಹೇಳೋಕೆ ಇಷ್ಟು ಕಷ್ಟಪಟ್ಯಲ್ಲ ಮಗನೆ. ಬರಲಿ ಆ ಮದಾಮು, ಅವಳ ಎದುರಿಗೇ ಕೇಳ್ತೀನಿ."

ಮದಾಮಿನ ಎದುರು ಜಗಳವಾದರೆ ಮುಗಿದೇ ಹೋಯಿತು. ಮೆರಿಲೂಸ್ ಒಳಗೋಡಿ ಕುಂಚ ತಂದು ಜಿರಾಫೆಯ ಮೇಲೆ ಒಂದು ದೊಡ್ಡ ಬಾಳೆ ಎಲೆ ಎಳೆದ. ಆ ಕತ್ತಿಗೆ ಅವನು ಮೂರು ಸಂಜೆ ಕಳೆದಿದ್ದ.

ಎಲೆ ಮುಗಿಯುವಷ್ಟರಲ್ಲಿ ನಿವೃತ್ತ ಮೇಷ್ಟ್ರು ಒರೆಲಿಸ್ ಬಂದರು. ಮೊನ್ನೆಯಷ್ಟೇ ಹೊಸ ಹಲ್ಲು ಕಟ್ಟಿಸಿಕೊಂಡು, ನಗುವ ಕಾರಣವಿಲ್ಲದಿದ್ದರೂ ನಗುತ್ತ ತಿರುಗುತ್ತಿದ್ದರು. ಹಲ್ಲು ಕಿರಿದ ಸಿಂಹವನ್ನು ಕಂಡದ್ದೇ ಬಾಯಿ ಮುಚ್ಚಿಕೊಂಡರು.

"ಮೆರಿಲೂಸ್, ನೀನು ಸಿಂಹ ಕಂಡಿದ್ದೀಯೇನಯ್ಯ?"

"ಇಲ್ಲ ಮೇಷ್ಟ್ರೆ."

"ಕಾಣದೇ ಇರೋದನ್ನ ಮನುಷ್ಯ ಬರೆಯೋಕಾಗಲ್ಲ. ಅಂದ್ಮೇಲೆ ಕಂಡೋರನ್ನ ನೋಡಿಯೇ ಬರೆದಿದ್ದೀಯ. ಈ ವಠಾರದಲ್ಲಿ ಇಷ್ಟು ಬಿಳಿ ಹಲ್ಲು ಯಾರಿಗಿದೆ, ನೀನೇ ಹೇಳು."

ಸಿಂಹದ ಮೇಲೂ ಎಲೆ ಬಿತ್ತು.

ಉಳಿದದ್ದು ನೀರಾನೆ. ಪಾಪ, ಕೆಸರಿನಲ್ಲಿ ಕಣ್ಣು ಮುಚ್ಚಿ ಮಲಗಿತ್ತು. ಇಗರ್ಜಿಯಲ್ಲಿ ಮುಂದಿನ ಬೆಂಚು ಬಿಡದ ಅನಿಟ್ ಅಕ್ಕ ಅದನ್ನು ನೋಡಿ ಕಣ್ಣಲ್ಲಿ ನೀರು ತಂದುಕೊಂಡಳು.

"ಪಾದ್ರಿಗಳ ಪ್ರಸಂಗ ನಡೀತಿರುವಾಗ ನಾನು ಕಣ್ಣು ಮುಚ್ಚೋದು ಪ್ರಾರ್ಥನೆಗೆ ತಮ್ಮ, ನಿದ್ದೆಗಲ್ಲ."

"ಅಕ್ಕ, ಇದು ನೀರಾನೆ."

"ದಪ್ಪ ಅಂತ ಬೇರೆ ಹೇಳ್ತೀಯ."

ನೀರಾನೆಯನ್ನು ಮುಚ್ಚಲು ಎರಡು ಎಲೆ ಬೇಕಾದವು. ಅದಕ್ಕೂ ಅನಿಟ್ ಅಕ್ಕ ಬೇಸರ ಮಾಡಿಕೊಂಡಳು.

ಕೊನೆಯ ಎಲೆಯ ಬಣ್ಣ ಇನ್ನೂ ಹಸಿಯಾಗಿಯೇ ಇದ್ದಾಗ ಮದಾಮ್ ದೊರ್ಸೆನ್ ಬಂದಿಳಿದಳು. ಒಳ್ಳೆಯ ಟೋಪಿ, ಒಳ್ಳೆಯ ಚೀಲ. ದೃಷ್ಟಿ ಮಂದ, ಆದರೆ ನಾಲ್ಕು ಜನರೆದುರು ಕನ್ನಡಕ ಹಾಕುವವಳಲ್ಲ. ವಠಾರವೆಲ್ಲ ಕೆಲಸ ಬಿಟ್ಟು ಸುತ್ತ ನಿಂತಿತು.

"ನೀನು ಹೇಳಿದ ಪ್ರಾಣಿಗಳು ಎಲ್ಲಿ?" ಎಂದಳು ಮದಾಮ್.

ಮೆರಿಲೂಸ್ ಎಲೆಗಳತ್ತ ಕೈ ತೋರಿಸಿದ. "ಇವೆ ಮದಾಮ್. ಎಲೆ ಹಿಂದೆ ಇವೆ. ಸ್ವಲ್ಪ ಹತ್ತಿರದಿಂದ ನೋಡಿದ್ರೆ..."

ಅವಳು ಹತ್ತಿರ ಹೋದಳು. ಕಾಣಲಿಲ್ಲ. ಇನ್ನೂ ಹತ್ತಿರ ಹೋದಳು. ಹಿಂದೆ ಸರಿದು ಜನರತ್ತ ತಿರುಗಿದಾಗ ಮೂಗಿನ ತುದಿ, ಮೇಲ್ದುಟಿ ಎರಡೂ ಹಸಿರಾಗಿದ್ದವು. ಅನಿಟ್ ಅಕ್ಕ ಸೆರಗಿಲ್ಲದ್ದಕ್ಕೆ ಅಂಗೈಯಲ್ಲೇ ಬಾಯಿ ಮುಚ್ಚಿಕೊಂಡಳು, ನಗು ಬೆರಳ ಸಂದಿನಿಂದ ಹೊರಬಿತ್ತು.

ಮದಾಮ್ ಚೀಲದಿಂದ ಕನ್ನಡಿ ತೆಗೆದಳು. ಕನ್ನಡಿ ನೋಡಿದಳು, ಚಿತ್ರ ನೋಡಿದಳು, ಮೆರಿಲೂಸನನ್ನು ನೋಡಿದಳು.

"ಕಾಡಿನ ತುಂಬ ಬರೀ ಸೊಪ್ಪು," ಎಂದಳು ನಿಧಾನವಾಗಿ. "ಪ್ರಾಣಿ ಒಂದೂ ಇಲ್ಲ. ಸೊಪ್ಪಿಗೆ ಮೂತಿ ಹಾಕಿ ನಿಂತೋಳು ನಾನೊಬ್ಬಳೇ. ನಾನೂ ಇಂಥದೇ ವಠಾರದಲ್ಲಿ ಬೆಳೆದೋಳು ಕಣಯ್ಯ, ಚುಚ್ಚಿದ್ರೆ ನನಗೂ ಗೊತ್ತಾಗುತ್ತೆ. ಮೇಕೆ ಅಂತ ಬಾಯಿಬಿಟ್ಟು ಹೇಳಿದ್ದಿದ್ರೆ ಇಷ್ಟು ಬಣ್ಣ ಉಳೀತಿತ್ತು."

ಬಂದ ಗಾಡಿಯಲ್ಲೇ ಹೊರಟುಹೋದಳು.

ಗಾಡಿ ಮರೆಯಾದದ್ದೇ ಮೇಷ್ಟ್ರು ಗೌರವದಿಂದ ಟೋಪಿ ತೆಗೆದರು.

"ನನ್ನ ಆಯುಸ್ಸಿನಲ್ಲಿ ಇಂಥ ಚುಚ್ಚು ನೋಡಿರಲಿಲ್ಲ," ಎಂದರು. "ಚಿತ್ರದಲ್ಲಿ ಇಲ್ಲದ ಪ್ರಾಣಿಯನ್ನ ರಾಜಧಾನಿಯಿಂದ ಕರೆಸಿ ನಿಲ್ಲಿಸಿದನಲ್ಲ."

ಜಿಲ್ಮಾ ಅತ್ತೆ ಒಂದು ತಟ್ಟೆ ಕರಿದ ಬಾಳೆಕಾಯಿ ತಂದು ಅವನ ಕೈಗಿಟ್ಟು, ಕಿವಿಯಲ್ಲಿ, "ಅನಿಟ್‌ಗೆ ಚುಚ್ಚೋ ಹಾಗೆ ಒಂದು ಬರೆದುಕೊಡು ಮಗ, ನಿಧಾನಕ್ಕೆ ಆಗಲಿ," ಎಂದಳು. ಅನಿಟ್ ಅಕ್ಕ ಹಿತ್ತಲ ಕಡೆಯಿಂದ ಬಂದು ಮೇಷ್ಟ್ರನ್ನು ಚುಚ್ಚಲು ಒಂದು ಬೇಕೆಂದಳು. ಮೇಷ್ಟ್ರು ಆ ಇಬ್ಬರು ಹೆಂಗಸರಿಗೂ ಸೇರಿಸಿ ಒಂದೇ ಚಿತ್ರದಲ್ಲಿ ಆಗುತ್ತದೆಯೇ ಎಂದು ವಿಚಾರಿಸಿದರು. ಬಣ್ಣಕ್ಕೆ ದುಡ್ಡೆಷ್ಟು ಕೊಡಲಿ ಎಂದು ಒಬ್ಬರೂ ಕೇಳಲಿಲ್ಲ.

ಎಲ್ಲರೂ ಹೋದ ಮೇಲೆ ಕ್ಲೋಡೆಟ್ ಬಣ್ಣದ ಡಬ್ಬಿಗಳನ್ನು ಬುಟ್ಟಿಗೆ ತುಂಬಿ ತಲೆಯ ಮೇಲಿಟ್ಟುಕೊಂಡು ಬಂದಳು. ಹೊಳೆಯ ಕಡೆ ಹೆಜ್ಜೆ ಹಾಕಿದವಳು ಮರದ ಬಳಿ ನಿಂತು ಎಲೆಗಳನ್ನು ಒಂದೊಂದಾಗಿ ನೋಡಿದಳು.

"ರೀ, ಒಂದು ಮಾತು ಕೇಳ್ತೀನಿ. ಇದರಲ್ಲಿ ನಾನು ಯಾವ ಪ್ರಾಣಿ ಆಗಿದ್ದೆ?"

ಮೆರಿಲೂಸ್ ಜಿರಾಫೆಯನ್ನು ನೆನೆದ, ಸಿಂಹವನ್ನು ನೆನೆದ, ನೀರಾನೆಯನ್ನು ನೆನೆದು ಬೆವರಿದ. ನೀನು ಇರಲೇ ಇಲ್ಲ ಎಂದರೆ ಅದು ಇನ್ನೂ ಕೆಟ್ಟದ್ದು. ಕೊನೆಗೆ ಏನೂ ಹೇಳದೆ ಸುಮ್ಮನಿರುವುದೇ ಕ್ಷೇಮವೆಂದು ತೋರಿತು.

"ಗೊತ್ತಾಯ್ತು ಬಿಡಿ," ಎಂದಳು ಕ್ಲೋಡೆಟ್, ಚಿತ್ರವನ್ನೂ ಕಂಕುಳಿಗೆ ಸೇರಿಸಿಕೊಂಡು ಹೊಳೆಯ ಕಡೆ ಹೊರಡುತ್ತ.