ಕರಡಿ ಡಬ್ಬವೂ ಬೆನ್ನಿಗೊಪ್ಪುವ ಬ್ಯಾಗೂ

“ಬ್ಯಾಗ್ ಆರಿಸೋದು ಅಂದ್ರೆ ಅಳಿಯನ್ನ ಆರಿಸಿದ ಹಾಗೆ. ಬೆನ್ನಿಗೆ ಬಿದ್ದ ಮೇಲೆ ಅಯ್ಯೋ ಅಂದ್ರೆ ಆಗಲ್ಲ! ಇವತ್ತು ನಾನು ಆರಿಸೋ ಬ್ಯಾಗ್ ನೋಡಿ ಇಡೀ ಹೌಗಾಂಗ್ ಬಡಾವಣೆ ಬೆರಗಾಗಬೇಕು!” ಎಂದು ದ್ವಾರಕನಾಥ್ ಶನಿವಾರ ಬೆಳಗ್ಗೆಯೇ ಘೋಷಿಸಿದರು.

ತಂಜಾಂಗ್ ಪಗಾರಿನ ಬ್ಯಾಂಕಿನಲ್ಲಿ ಕೂತು ಕೂತು ಕುರ್ಚಿಯ ಆಕಾರವನ್ನೇ ಪಡೆದಿದ್ದ ಮನುಷ್ಯ ಹೀಗೆ ಗುಡುಗಲು ಕಾರಣವಿತ್ತು. ಆಫೀಸಿನವರೆಲ್ಲ ಅಮೆರಿಕಾದ ಕಾಡಿಗೆ ಟ್ರೆಕ್ಕಿಂಗ್ ಹೊರಟಿದ್ದರು. ಅಲ್ಲಿ ಕರಡಿಗಳ ಕಾಟ. ಊಟ ತಿಂಡಿಯನ್ನೆಲ್ಲ ಕರಡಿಗೂ ತೆರೆಯಲಾಗದ ಗಟ್ಟಿ ಪ್ಲಾಸ್ಟಿಕ್ ಡಬ್ಬದಲ್ಲಿ ಹೊರಬೇಕಂತೆ. ಬಿಂದಿಗೆಯಷ್ಟು ದಪ್ಪದ ಆ ಡಬ್ಬ ಯಾರ ಬೆನ್ನಿಗೆ ಎಂಬ ಪ್ರಶ್ನೆ ಬಂದಾಗ ಎಲ್ಲರೂ ಸೀಲಿಂಗ್ ನೋಡಿದರು. “ಐ ವಿಲ್ ಕ್ಯಾರಿ!” ಎಂದು ಎದೆ ತಟ್ಟಿದ್ದು ನಮ್ಮ ದ್ವಾರಕನಾಥರೇ! ಅಂದಿನಿಂದ ಅವರಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಡಬ್ಬ ಬಂತು. ಅದರ ಹಿಂದೆಯೇ ಮೂರು ಬ್ಯಾಗೂ ಬಂದವು. ಒಂದನ್ನು ಇಟ್ಟುಕೊಂಡು ಉಳಿದೆರಡನ್ನು ಇವತ್ತೇ ವಾಪಸ್ ಕಳಿಸಬೇಕು.

“ರೀ, ನಾನೂ ಇಶಿತಾನೂ ಕನ್ನಡ ಸಂಘದ ಹಾಲ್ ಡೆಕೊರೇಟ್ ಮಾಡೋಕೆ ಹೋಗ್ತಿದೀವಿ,” ಎಂದಳು ಹೆಂಡತಿ ಮೈಥಿಲಿ, ಮಗಳೊಂದಿಗೆ ಹೊರಡುತ್ತಾ. “ಸಂಜೆ ಫಂಕ್ಷನ್‌ಗೆ ಕೋಡುಬಳೆ ಮಾಡಿಟ್ಟಿದೀನಿ. ಎಲ್ಲಿದೆ ಅಂತ ಹೇಳಲ್ಲ.”

“ಹೇಳೋದೇ ಬೇಡ ಕಣೇ! ಮದುವೆ ಆದಾಗಿಂದ ನೀನು ಬಚ್ಚಿಟ್ಟ ಯಾವ ಡಬ್ಬ ನನ್ನಿಂದ ತಪ್ಪಿಸ್ಕೊಂಡಿದೆ?”

“ಅದೇ ಭಯ! ಹೋದ ಸಲ ನನ್ನ ಚಕ್ಕುಲಿ ಮೆತ್ತಗಿತ್ತು ಅಂತ ಆ ನಳಿನಿ ಊರೆಲ್ಲ ಡಂಗುರ ಹೊಡೆದಳು. ಈ ಸಲ ನನ್ನ ಮಾನದ ಪ್ರಶ್ನೆ. ಮುಟ್ಟಿದ್ರೆ ನೋಡಿ!”

ಬಾಗಿಲು ಮುಚ್ಚಿತು. ಪರೀಕ್ಷೆ ಶುರುವಾಯಿತು. ಖಾಲಿ ಡಬ್ಬ ಹೊತ್ತರೆ ಯಾವ ಬ್ಯಾಗಾದರೂ ಹಗುರವೇ, ತೂಕ ಬೇಕು. ಅಡುಗೆಮನೆಯಲ್ಲಿ ಸಿಕ್ಕ ತೊಗರಿಬೇಳೆ ಪ್ಯಾಕೆಟ್ಟುಗಳನ್ನು ತುಂಬಿದರು. ಇನ್ನೂ ಜಾಗವಿತ್ತು. ಹುಡುಕುತ್ತಾ ಹೋದ ಕೈಗೆ ಅಕ್ಕಿ ಡ್ರಮ್ಮಿನ ಹಿಂದೆ ಕೋಡುಬಳೆ ತಾನಾಗಿಯೇ ಸಿಕ್ಕಿತು! “ತಿನ್ನೋಕಲ್ಲ, ತೂಕಕ್ಕೆ ಮಾತ್ರ,” ಎಂದು ಆಣೆ ಮಾಡಿಕೊಂಡರು. ಆಣೆ ಮಾಡಿದ ಖುಷಿಗೆ ಎರಡು ತಿಂದರು. ಅಡಿಯಲ್ಲಿ ಕೋಡುಬಳೆ, ಮೇಲೆ ಬೇಳೆ, ಅದುಮಿ ಅದುಮಿ ಮುಚ್ಚಳ ತಿರುಗಿಸಿದರು. ಟಕ್!

ಮೊದಲ ಬ್ಯಾಗಿನಲ್ಲಿ ಡಬ್ಬ ಕತ್ತಿನವರೆಗೆ ಎದ್ದು ನಿಂತು, ಹೆಜ್ಜೆಗೊಮ್ಮೆ ಹಳೇ ಮೇಷ್ಟ್ರಂತೆ ತಲೆಗೆ ಕುಟ್ಟಿತು. ಎರಡನೆಯದರಲ್ಲಿ ತಳಕ್ಕೆ ಜಾರಿ, ಯಜಮಾನರನ್ನು ಸೋಫಾದ ಮೇಲೆ ಅಂಗಾತ ಕೆಡವಿತು. ಮೂರನೆಯದರಲ್ಲಿ ಡಬ್ಬಕ್ಕೆ ಟವೆಲ್ ಸುತ್ತಿ, ನಡುವೆ ಬೆನ್ನಿಗೊತ್ತಿ ಇಟ್ಟು, ಹೊಟ್ಟೆ ಒಳಗೆಳೆದು ಸೊಂಟದ ಪಟ್ಟಿ ಬಿಗಿದರು. ಆಹಾ! ಭಾರವೆಲ್ಲ ಹೆಗಲಿನಿಂದ ಸೊಂಟಕ್ಕಿಳಿಯಿತು. ಪಲ್ಲಕ್ಕಿಯೇ ಬೆನ್ನೇರಿದಂಥ ಸುಖ!

ಅಷ್ಟಕ್ಕೇ ಸುಮ್ಮನಿರುವ ಜೀವವೇ ಅದು? ಮೆಟ್ಟಿಲಿಳಿದರು, ಹತ್ತಿದರು, ಮತ್ತೆ ಇಳಿದರು. ಕಟ್ಟಡದ ಕೆಳಗಿನ ತೆರೆದ ಅಂಗಳದಲ್ಲಿ, ವಾಯ್ಡ್ ಡೆಕ್‌ನಲ್ಲಿ, ಗುಡ್ಡ ಹಾರುವವರಂತೆ ಕುಣಿದರು. ಪಕ್ಕದ ಮನೆಯ ಚೀನೀ ಅಂಕಲ್ ಗಾಬರಿಯಿಂದ, “ವೈ ಯು ಜಂಪ್?” ಎಂದರು. “ಬೇರ್!” ಎಂದರು ದ್ವಾರಕನಾಥ್ ಏದುಸಿರಿನಲ್ಲಿ. ಅಂಕಲ್ ಹಿಂದೆ ಮುಂದೆ ನೋಡಿ ಲಿಫ್ಟ್ ಹೊಕ್ಕರು.

ಮನೆಗೆ ಬಂದು ಡಬ್ಬ ತೆರೆಯಹೋದರೆ ಒತ್ತಿ ತಿರುಗಿಸಬೇಕಾದ ಮುಚ್ಚಳ ಅಲ್ಲಾಡದು! ಹೆಬ್ಬೆರಳಿನಿಂದ ಒತ್ತಿದರು. ಚಮಚದಿಂದ ಮೀಟಿದರು. ಮನೆದೇವರಿಗೆ ಕಾಯಿ ಹರಸಿಕೊಂಡರು. ಗಡಿಯಾರ ನೋಡಿದರು, ಬೆವರಿದರು. ಅಷ್ಟರಲ್ಲಿ ಬಾಗಿಲು ತೆರೆಯಿತು.

“ಕೋಡುಬಳೆ ಎಲ್ಲಿ ರೀ?”

“ಸೇಫಾಗಿದೆ! ಕರಡಿಗೂ ಸಿಗದ ಜಾಗದಲ್ಲಿ!”

“ಅಪ್ಪಾ, ಹೌ ಕ್ಯಾನ್ ಲಾ!” ಎಂದು ಇಶಿತಾ ಹಣೆ ಚಚ್ಚಿಕೊಂಡಳು.

ಮೈಥಿಲಿ ಡಬ್ಬವನ್ನು ನೆಲಕ್ಕಿಟ್ಟು, ಮುಚ್ಚಳದ ಮೇಲೆ ಮಂಡಿಯೂರಿ, ಹಠ ಹಿಡಿದ ಹಳೇ ಕುಕ್ಕರನ್ನು ತೆಗೆದ ಹಾಗೆ ಒತ್ತಿ ತಿರುಗಿಸಿದಳು. ತೆರೆಯಿತು! ಬೇಳೆಯ ಕೆಳಗೆ ಒಂದು ಬಳೆಯೂ ಉಳಿದಿರಲಿಲ್ಲ. ಬರೀ ಚೂರು, ಪುಡಿ. ಅವಳ ಕಣ್ಣು ತುಂಬಿತು. ದ್ವಾರಕನಾಥರಿಗೆ ಆ ಕ್ಷಣ ನಿಜಕ್ಕೂ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

“ಈರುಳ್ಳಿ ಹೆಚ್ಚಿ!” ಎಂದಳು ಮೂಗೊರೆಸಿಕೊಂಡು. ಅವರು ಅಳುತ್ತಾ ಹೆಚ್ಚಿದರು. ಟೊಮೆಟೊ, ಕೊತ್ತಂಬರಿ, ನಿಂಬೆರಸ ಬಿದ್ದು ಕೋಡುಬಳೆ ಚುರುಮುರಿಯಾಯಿತು. ಸಂಘದಲ್ಲಿ ಜನ ಎರಡೆರಡು ಸಲ ಹಾಕಿಸಿಕೊಂಡರು. “ಇಷ್ಟು ಹದವಾಗಿ ಹೇಗೆ ಪುಡಿ ಮಾಡಿದೆ?” ಎಂದು ನಳಿನಿಯೇ ಕೇಳಿದಳು!

“ಮನೇಲಿ ಒಂದು ಮಿಷಿನ್ ಇದೆ,” ಎಂದು ಮೈಥಿಲಿ ಗಂಡನ ಕಡೆ ನೋಡಿದಳು.

ಮರುದಿನ ಬೆಳಗ್ಗೆ ಬ್ಯಾಗ್ ಇತ್ತು, ಡಬ್ಬ ಇರಲಿಲ್ಲ. ಹುಡುಕಿದರೆ ಅಡುಗೆ ಕಟ್ಟೆಯ ಮೇಲೆ, ಎಲ್ಲರ ಕಣ್ಣಿಗೂ ಕಾಣುವಂತೆ ರಾಜಾರೋಷವಾಗಿ ಕೂತಿತ್ತು. ಅಲುಗಿಸಿದರೆ ಒಳಗೆ ಹೊಸ ಕೋಡುಬಳೆಯ ಗಲಗಲ! ಹೆಬ್ಬೆರಳು ಸೋತಿತು. ಮಂಡಿಯೂರಿ ಒತ್ತೋಣವೆಂದರೆ, ಮೆಟ್ಟಿಲು ಹತ್ತಿ ಇಳಿದ ಮಂಡಿ ಬಗ್ಗಲೊಲ್ಲದು.

“ಮೈಥಿಲಿ, ಇದು ಟ್ರೆಕ್ಕಿಂಗ್ ಡಬ್ಬ ಕಣೇ!”

“ಅಮೆರಿಕಾದ ಕರಡಿಗೆ ಬೇರೆ ತಗೊಳ್ಳಿ,” ಎಂದಳು ಅವಳು ಕಾಫಿ ಸೋಸುತ್ತಾ. “ಮನೇಲಿರೋ ಕರಡಿಗೆ ಇದೇ ಸರಿಹೋಗಿದೆ.”