ನಾನೇ ಬೆಸೆದ ಪಂಜರ ನಪಾಸಾಗಲಿ

ಇಂದ,
ಇಲಿಯಾಸ್ ಬಾಬಾಸಾಬ ನದಾಫ,
ಬಾಬಾಸಾಬ ವೆಲ್ಡಿಂಗ್ ವರ್ಕ್ಸ್
(ಕಿಟಕಿ, ಗೇಟು, ಟ್ರೇಲರ್ ಮತ್ತು ಇತ್ತೀಚೆಗೆ ರೋಲ್ ಕೇಜ್),
ಅಣ್ಣಿಗೇರಿ ರಸ್ತೆ, ನವಲಗುಂದ.

ಗೆ,
ಮುಖ್ಯ ತಾಂತ್ರಿಕ ಪರಿಶೀಲಕರು,
ಮಣ್ಣಿನ ಹಾದಿಯ ಕಾರು ಸ್ಪರ್ಧೆ,
ಮೊಕ್ಕಾಂ: ಕಲಘಟಗಿ.

ದಿನಾಂಕ: ಶುಕ್ರವಾರ, ಮಧ್ಯಾಹ್ನದ ನಮಾಜಿನ ನಂತರ.

ವಿಷಯ: ಕೆಂಪು ಮಾರುತಿ ಕಾರು, ಸ್ಪರ್ಧಿ ಸಂಖ್ಯೆ 27, ಇದರ ರೋಲ್ ಕೇಜನ್ನು ತಪ್ಪದೆ ತಿರಸ್ಕರಿಸುವ ಬಗ್ಗೆ.

ಉಲ್ಲೇಖ:
1) ತಮ್ಮ ನಿಯಮ ಪುಸ್ತಕ, ಪುಟ 14.
2) ಕಾರಿನ ಮಾಲೀಕ ಈರೇಶನೊಂದಿಗೆ ನನ್ನ ಅಂಗಡಿಯಲ್ಲಿ ಮೂರು ಸಲ ಆದ ಮೌಖಿಕ ಜಗಳ.
3) ಈರೇಶನ ಹೆಂಡತಿ ಶ್ರೀಮತಿ ನಂದಾ ಇವರು ಕೇಳಿದ ಪ್ರಶ್ನೆ ಮತ್ತು ಅದಕ್ಕೆ ನಾನು ಕೊಟ್ಟ ಉತ್ತರ.

ಮಾನ್ಯರೇ,

ತಮ್ಮ ಟೇಬಲ್ಲಿಗೆ ಬರುವ ಅರ್ಜಿಗಳೆಲ್ಲ ಪಾಸು ಮಾಡಿ ಎಂದೇ ಇರುತ್ತವೆಂದು ತಿಳಿದಿದ್ದೇನೆ. ಇದು ಹಾಗಲ್ಲ. ಸದರಿ ಪಂಜರವನ್ನು ಮಾಡಿದವನು ನಾನೇ. ನಾಳೆ ಶನಿವಾರ ಅದು ತಮ್ಮೆದುರು ಪರಿಶೀಲನೆಗೆ ಬರಲಿದೆ, ಭಾನುವಾರ ಸ್ಪರ್ಧೆ. ದಯಮಾಡಿ ಅದನ್ನು ನಪಾಸು ಮಾಡಬೇಕು. ಕಾರಣಗಳನ್ನು ಅನುಕ್ರಮವಾಗಿ ಕೆಳಗೆ ನಿವೇದಿಸಿದ್ದೇನೆ. ಅನುಕ್ರಮ ತಪ್ಪಿದ್ದಲ್ಲಿ ಮನ್ನಿಸಬೇಕು, ನಾನು ಬರೆಯುವವನಲ್ಲ.

1. ಈರೇಶನು ತಿರ್ಲಾಪುರದವನು, ಒಂದನೇ ಇಯತ್ತೆಯಿಂದ ನನ್ನ ಬಾಜು ಕೂತವನು. ಟ್ರ್ಯಾಕ್ಟರಿಗೆ ಟ್ರೇಲರ್ ಕಟ್ಟಿ ಹಿಂದಕ್ಕೆ ಓಡಿಸುವ ಸ್ಪರ್ಧೆಯಲ್ಲಿ ಈ ಭಾಗದಲ್ಲಿ ಅವನನ್ನು ಮೀರಿಸಿದವರಿಲ್ಲ. ಅದೇ ಅವನಿಗೆ ಮುಳುವಾಯಿತು. ಕಟ್ಟೆಯ ಮೇಲೆ ಯಾರೋ ಒಬ್ಬರು, "ಈರೇಶಪ್ಪ ಹಿಂದಕ್ಕ ಹೋಗೂದ್ರಾಗ ಹುಲಿ. ಮುಂದಕ್ಕ ಹೋಗೂದು ಬರತೈತೋ ಇಲ್ಲೋ," ಎಂದರು. ಮರುದಿನವೇ ಹಳೆಯ ಮಾರುತಿ ಕಾರನ್ನು ತಂದು ನನ್ನ ಅಂಗಡಿ ಮುಂದೆ ನಿಲ್ಲಿಸಿ, "ಇದರೊಳಗ ಪಂಜರ ಹಾಕಲೇ," ಎಂದ.

2. ಕಾರಿನೊಳಗೆ ಹಾಕುವ ಪಂಜರ ಎಂದರೇನೆಂದು ನನಗೆ ಗೊತ್ತಿರಲಿಲ್ಲ. ನನ್ನ ಮಗಳು ರುಬಿಯಾ ತಮ್ಮ ನಿಯಮ ಪುಸ್ತಕವನ್ನು ಮೊಬೈಲಿನಲ್ಲಿ ಓದಿ ಹೇಳಿದಳು: ಕಾರು ಪಲ್ಟಿ ಹೊಡೆದರೆ ಮೇಲಿನ ತಗಡು ಚಾಲಕನ ಮೇಲೆ ಕುಸಿಯದಂತೆ ಒಳಗೆ ನಿಲ್ಲಿಸುವ ಪೈಪಿನ ಚೌಕಟ್ಟು ಅದು, ಚಾಲಕನ ಬೆನ್ನಹಿಂದಿನ ದೊಡ್ಡ ಕಮಾನು ಒಂದೇ ಅಖಂಡ ಪೈಪಿನದಾಗಿರಬೇಕು. "ಅಬ್ಬಾ, ನಡುವ ಜೋಡ ಇರಬಾರದಂತ," ಎಂದು ಎರಡು ಸಲ ಹೇಳಿದಳು. ತಿಳಿಯಿತು ಎಂದೆ. ಹಾಗೆಯೇ ಮಾಡಿದೆ ಕೂಡ. ಗೇಟು ಮಾಡಿಸಲು ಬಂದ ಶಂಭುಲಿಂಗಪ್ಪ ಕಾಕಾ ಸುತ್ತ ತಿರುಗಿ ನೋಡಿ, "ಪಂಜರ ಅಗದಿ ಚಂದ ಆಗೈತಿ. ಗಿಳಿ ಯಾವಾಗ ತರತೀಯೋ?" ಎಂದರು. ಗಿಳಿ ಅಲ್ಲೇ ನಿಂತು ಚಹಾ ಕುಡಿಯುತ್ತಿತ್ತು.

3. ಕಮಾನಿನ ಎತ್ತರವನ್ನು ಈರೇಶನನ್ನು ಸೀಟಿನಲ್ಲಿ ಕೂರಿಸಿ, ತಲೆಯ ಮೇಲೆ ಕೈಯಿಟ್ಟು ಅಳೆದೆ. ಹೆಲ್ಮೆಟ್ ಅವನ ಬೈಕಿನ ಕನ್ನಡಿಗೆ ನೇತಾಡುತ್ತಿತ್ತು. ನಮ್ಮ ಕಡೆ ಹೆಲ್ಮೆಟ್ ಎಂಬುದು ಪೊಲೀಸರು ಕಂಡಾಗ ಮಾತ್ರ ತಲೆಗೇರುವ ವಸ್ತುವಾದ ಕಾರಣ, ಅದನ್ನು ಹಾಕಿಕೊಂಡು ಅಳತೆ ಕೊಡಬೇಕೆಂದು ಅವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಎಲ್ಲ ಬೆಸೆದು ಮುಗಿದ ಮೇಲೆ ಹೆಲ್ಮೆಟ್ ಹಾಕಿ ಕೂತ. ತಲೆ ಕಮಾನಿಗಿಂತ ಮೇಲೆ ಬಂತು. ಸೀಟು ಆಗಲೇ ನೆಲಕ್ಕೆ ಹತ್ತಿತ್ತು, ಇನ್ನು ಇಳಿಸಲು ಜಾಗವಿರಲಿಲ್ಲ. ಮೇಲಿನ ತಗಡಿಗೂ ಕಮಾನಿಗೂ ನಡುವೆ ಮೂರು ಇಂಚು ಖಾಲಿಯಿತ್ತು. ಅದನ್ನು ನಾನೇ ಗಾಳಿಯಾಡಲಿ ಎಂದು ಬಿಟ್ಟಿದ್ದೆ.

4. ಆದಕಾರಣ ಕಮಾನಿನ ಎರಡೂ ಕಾಲು ಕತ್ತರಿಸಿ, ಮೂರು ಮೂರು ಇಂಚಿನ ತುಂಡು ಸೇರಿಸಿದೆ. ಎಡಗಾಲು ಗಟ್ಟಿಯಾಗಿ ಕೂತಿದೆ. ಬಲಗಾಲು ಬೆಸೆಯುವಾಗ ಕರೆಂಟ್ ಮೂರು ಸಲ ಹೋಗಿ ಮೂರು ಸಲ ಬಂತು. ಹಚ್ಚಿದ್ದು ಆರಿತು, ಮತ್ತೆ ಹಚ್ಚಿದೆ, ಮತ್ತೆ ಆರಿತು, ಕಡ್ಡಿ ಕರಗಿದ ಕಸ ಜೋಡಿನ ಒಳಗೇ ಉಳಿಯಿತು. ಸುತ್ತಿಗೆಯಿಂದ ಬಡಿದರೆ ಎಡಗಾಲು ಗಂಟೆಯ ಹಾಗೆ ನುಡಿಯುತ್ತದೆ, ಬಲಗಾಲು ಸೀಳು ಬಿಟ್ಟ ಗಡಿಗೆಯ ಹಾಗೆ. ಕಾರು ಪಲ್ಟಿಯಾದರೆ ಮೊದಲು ಬೆಸುಗೆ ಬಿಡುವುದು ಆ ಕಾಲು. ಅದರ ಮುಂದೆಯೇ ಇರುವುದು ಈರೇಶನ ತಲೆ.

5. ಉಲ್ಲೇಖ 2ರ ಜಗಳದ ಸಾರಾಂಶ ಹೀಗಿದೆ.

"ಈರೇಶ, ಎಂಟ ದಿನ ತಡಿ. ಹೊಸಾ ಪೈಪ್ ತಂದು ಹೊಸಾ ಕಮಾನ ಮಾಡಿಕೊಡತೀನಿ."

"ಎಂಟ ದಿನಕ್ಕ ರೇಸ್ ಮುಗದಿರತೈತಿ. ಗ್ರೈಂಡರ್ ಹೊಡಿ, ಬಣ್ಣಾ ಬಳಿ. ಯಾರಿಗೂ ಗೊತ್ತಾಗೂದಿಲ್ಲ."

"ನನಗ ಗೊತ್ತೈತಲ್ಲೋ."

"ನೀ ಬೆಸದದ್ದು ಇವತ್ತಿನ ತನಕ ಎಲ್ಲಿ ಬಿಟ್ಟೈತಿ ಹೇಳಲೇ. ಹತ್ತ ವರ್ಷ ಆತು, ನನ್ನ ಟ್ರೇಲರಿನ ಕೊಂಡಿ ಹಂಗೇ ಐತಿ."

ಹೊಗಳಿಸಿಕೊಂಡು ಸಿಟ್ಟು ಬಂದದ್ದು ನನ್ನ ಜೀವಮಾನದಲ್ಲಿ ಇದೇ ಮೊದಲು. ಆದರೂ ಗ್ರೈಂಡರ್ ಹಿಡಿದವನು ನಾನೇ. ಪುಟ್ಟಿ ಹಚ್ಚಿ ಕೆಂಪು ಬಣ್ಣ ಬಳಿದವನೂ ನಾನೇ. ಇದನ್ನು ತಮ್ಮಿಂದ ಮುಚ್ಚಿಡುತ್ತಿಲ್ಲ.

6. ಬುಧವಾರ ನಂದಾ ಬಂದಿದ್ದರು. ಕಾರಿನೊಳಗೆ ಬಗ್ಗಿ ಪೈಪನ್ನು ಕೈಯಿಂದ ಹಿಡಿದು ಅಲುಗಿಸಿ ನೋಡಿದರು. ಅವರು ಹಿಡಿದದ್ದು ಬಲಗಾಲನ್ನೇ. "ಅಣ್ಣಾರ, ಇದರಾಗ ಕುಂತ್ರ ಅವರಿಗೇನೂ ಆಗಂಗಿಲ್ಲ, ಹೌದಲ್ರಿ?" ಎಂದು ಕೇಳಿದರು. "ಏನೂ ಆಗಂಗಿಲ್ಲ ತಂಗಿ, ನಾ ಅದೀನಲ್ಲ," ಎಂದೆ. ಅವರು ಸಮಾಧಾನದಿಂದ ಮನೆಗೆ ಹೋದರು. ನನಗೆ ಅಂದಿನಿಂದ ಊಟ ಸೇರುತ್ತಿಲ್ಲ. ಸುಳ್ಳು ಹೇಳಿದ್ದೇನೆ ಮಾನ್ಯರೇ, ಅದೂ ನಂಬಿ ಕೇಳಿದವರಿಗೆ. ನಾಚಿಕೆಯಾಗುತ್ತದೆ, ಹೆದರಿಕೆಯೂ ಆಗುತ್ತದೆ.

7. ಹಾಗಾದರೆ ನೀನೇ ಏಕೆ ತಡೆಯಲಿಲ್ಲ ಎಂದು ತಾವು ಕೇಳಬಹುದು. ಕಾರಿನ ಕೀಲಿ ಮುಚ್ಚಿಟ್ಟೆ, ಅವನ ಹತ್ತಿರ ಇನ್ನೊಂದಿತ್ತು. ನಂದಾ ಅವರಿಗೆ ಹೇಳುತ್ತೇನೆಂದೆ. "ಬಾಯಿ ಬಿಟ್ಟೀ ಅಂದ್ರ ನಾ ಇನ್ನ ನಿನ್ನ ಅಂಗಡಿ ಕಟ್ಟಿ ಹತ್ತೂದಿಲ್ಲ," ಎಂದ. ಹೇಳಿದಂತೆ ಮಾಡುವವರ ಪೈಕಿ ಅವನು. ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಗಾದೆ ಸದರಿ ಪ್ರಕರಣಕ್ಕೆ ಅಕ್ಷರಶಃ ಅನ್ವಯವಾಗುತ್ತದೆ. ಮೂವತ್ತು ವರ್ಷ ದಿನಾ ಬಂದು ಕೂತವನು ಬರದಿದ್ದರೆ ಆ ಅಂಗಡಿ ತೆರೆದು ನಾನೇನು ಮಾಡಲಿ ಎಂಬುದು ಇನ್ನೊಂದು ಕಾರಣ. ಇದಕ್ಕೆ ದಾಖಲೆ ಲಗತ್ತಿಸಲು ಬರುವುದಿಲ್ಲ.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ,

(ಅ) ಚಾಲಕನ ಬೆನ್ನಹಿಂದಿನ ಕಮಾನಿನ ಬಲಗಾಲನ್ನು ನೆಲದಿಂದ ಒಂಬತ್ತು ಇಂಚು ಮೇಲೆ ಕೆರೆದು ನೋಡಬೇಕು. ನೇರ ಅಲ್ಲಿಗೇ ಕೈ ಹಾಕಬಾರದು. ಮೊದಲು ಬೇರೆ ಎರಡು ಕಡೆ ಬಡಿದು, ಸ್ವಲ್ಪ ಹೊತ್ತು ಯೋಚಿಸಿ, ಆಮೇಲೆ ಅಕಸ್ಮಾತ್ತಾಗಿ ಸಿಕ್ಕಂತೆ ಮಾಡಬೇಕು.

(ಆ) "ಕೆಲಸ ಕಳಪೆ" ಎಂದು ನನ್ನ ಅಂಗಡಿಯ ಹೆಸರಿನ ಸಹಿತ ಬರೆದು ಹಾಕಬೇಕು. ನನ್ನ ಒಪ್ಪಿಗೆ ಇದೆ.

(ಇ) ಈರೇಶ ಜಗಳ ತೆಗೆಯುತ್ತಾನೆ, ಆಮೇಲೆ ಕೈ ಮುಗಿಯುತ್ತಾನೆ. ಎರಡಕ್ಕೂ ಬಗ್ಗಬಾರದು. ಎರಡನೆಯದಕ್ಕೆ ನಾನು ಬಗ್ಗಿದ್ದರಿಂದಲೇ ಈ ಅರ್ಜಿ ಬರೆಯಬೇಕಾಗಿ ಬಂದಿದೆ.

(ಈ) ಈ ಅರ್ಜಿಯು ತಮಗೆ ತಲುಪಿಯೇ ಇಲ್ಲವೆಂದು ಭಾವಿಸಿ, ತಲುಪಿಲ್ಲದ ಬಗ್ಗೆ ಒಂದು ಸ್ವೀಕೃತಿ ಚೀಟಿ ಕೊಡಬೇಕು.

ತಮ್ಮ ವಿಶ್ವಾಸಿ,
(ಈರೇಶನಿಗೆ ಗೊತ್ತಾಗುವವರೆಗೆ ಅವನ ವಿಶ್ವಾಸಿಯೂ ಹೌದು)
ಇಲಿಯಾಸ್ ಬಾ. ನದಾಫ

ಲಗತ್ತುಗಳು:
1) ಬಣ್ಣ ಕೆರೆಯಲು ಗರಗಸದ ಹಳೆಯ ಅಲಗು, ಒಂದು.
2) ಕರೆಂಟ್ ಹೋದಾಗ ಕೈಯಲ್ಲಿ ಉಳಿದ ಅರ್ಧ ವೆಲ್ಡಿಂಗ್ ಕಡ್ಡಿ, ಮೂರು.
3) ಹೊಸ ಕಮಾನಿನ ಅಳತೆ, ಹೆಲ್ಮೆಟ್ ಸಹಿತ. ಈರೇಶನಿಗೆ ತಿಳಿಯದಂತೆ ತೆಗೆದದ್ದು.

ವಿ.ಸೂ.: ನಪಾಸಾದ ಕೂಡಲೇ ಈರೇಶ ನೇರ ನನ್ನ ಅಂಗಡಿಗೇ ಬರುತ್ತಾನೆ, ಬೇರೆಲ್ಲಿಗೂ ಹೋಗುವುದಿಲ್ಲ. ಆಗ ನಾನು ಅವನ ಬಾಜು ಕೂತು, ಚಹಾ ತರಿಸಿ, "ಆ ಸಾಹೇಬಗ ವೆಲ್ಡಿಂಗ್ ಅಂದ್ರೇನು ಗೊತ್ತೈತಿ ಬಿಡೋ, ತಲಿ ಕೆಟ್ಟೈತಿ ಅವಂಗ," ಎಂದು ತಮ್ಮನ್ನು ಬೈಯಬೇಕಾಗುತ್ತದೆ. ಒಂದು ದಿನಕ್ಕೆ ಮುಗಿಯುವ ಬೈಗುಳವಲ್ಲ. ಕಾರಣ, ಹೊಸ ಕಮಾನು ತಯಾರಾಗುವವರೆಗೆ, ಅಂದರೆ ಎಂಟು ದಿನಗಳ ಮಟ್ಟಿಗೆ, ತಮ್ಮನ್ನು ಬೈಯಲು ನನಗೆ ಮುಂಗಡ ಪರವಾನಗಿ ಮಂಜೂರು ಮಾಡಬೇಕಾಗಿ ವಿನಂತಿ.