ಹೂಂ ಅನ್ನದಿದ್ದರೆ ಕಥೆ ಇಲ್ಲ

ಗುಡ್ಡಗಾಡಿನವರ ಜನಪದ ಕಥೆ ಕೂಡಿಹಾಕಲು ಹೊರಟ ನನಗೆ ಹೈದರಾಬಾದಿನಲ್ಲಿ ಬೈಸಿಕೊಳ್ಳದ ಭಾನುವಾರವೇ ಇರಲಿಲ್ಲ. ವಾರವಿಡೀ ಬಾಲಾನಗರದ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಲ್ಲುವವನು, ರಜೆಯ ದಿನ ಟೇಪ್ ರೆಕಾರ್ಡರ್ ಹೆಗಲಿಗೇರಿಸಿ, ಐಟಿ ಕಂಪನಿಗಳ ಕಟ್ಟಡ ಏಳುತ್ತಿದ್ದ ಕಡೆ ಹೋಗುತ್ತಿದ್ದೆ. ಅಲ್ಲಿ ಕಲ್ಲುಮಣ್ಣು ಹೊರುವವರು ಯಾದಗಿರಿ ಕಡೆಯ ಗುಡ್ಡದೂರುಗಳವರು. "ಕೂಲಿಯವರ ಹರಟೆಗೆ ಕ್ಯಾಸೆಟ್ ಬೇರೆ ದಂಡ" ಎಂದು ಗೆಳೆಯರು ನಕ್ಕರು. ನಗಲಿ ಬಿಡಿ. ನಾನೂ ಹಟಮಾರಿಯೇ.

೧. ಗೋಡೆಗೆ ಹೇಳ್ಲೇನು?

ಮೊದಲ ದಿನ ಒಬ್ಬ ಅಜ್ಜಿ ಕಥೆ ಶುರು ಮಾಡಿದರು. ಟೇಪಿನಲ್ಲಿ ನನ್ನ ದನಿ ಸೇರಬಾರದೆಂದು ಉಸಿರು ಬಿಗಿಹಿಡಿದು ಕೂತೆ. ಎರಡು ಮಾತಿಗೇ ಅಜ್ಜಿ ನಿಲ್ಲಿಸಿಬಿಟ್ಟರು.

"ಯಾಕಜ್ಜಿ?"

"ನೀ ಹೂಂ ಅನ್ನವಲ್ಲಿ. ಗ್ವಾಡಿಗೆ ಹೇಳ್ಲೇನು ಕಥಿ?"

ಅಂದಿನಿಂದ ನನ್ನ ಕ್ಯಾಸೆಟ್ಟುಗಳಲ್ಲಿ ಅಜ್ಜಿಯ ಕಥೆಗಿಂತ ನನ್ನ ಹೂಂಕಾರವೇ ಜೋರು.

೨. ಗುಡ್ಡ ನುಂಗುವವನು

ಇನ್ನೊಂದು ಭಾನುವಾರ ಅದೇ ಅಜ್ಜಿ ರಾಕ್ಷಸನ ಕಥೆ ಹೇಳುತ್ತಿದ್ದರು. ಹಿಂದುಗಡೆ ಕಟ್ಟಡಕ್ಕಾಗಿ ಬಂಡೆ ಸಿಡಿಸುತ್ತಿದ್ದರು. ನಾನು ಯೂನಿಯನ್ನಿನವನೆಂಬ ಗುಮಾನಿಯಿಂದ ತೆಲುಗಿನ ಸೂಪರ್‌ವೈಸರ್ ಬಂದು, ಇಲ್ಲಿ ಏನು ನಡೆದಿದೆ ಎಂದು ಗದರಿದ. ಮೇಸ್ತ್ರಿಯೊಬ್ಬ ತೆಲುಗಿನಲ್ಲಿ ಬಿಡಿಸಿ ಹೇಳಿದ: ಒಬ್ಬ ರಾಕ್ಷಸ ಇದ್ದಾನೆ, ದಿನಕ್ಕೊಂದು ಗುಡ್ಡ ನುಂಗುತ್ತಾನೆ, ಹೊಟ್ಟೆ ಮಾತ್ರ ತುಂಬುವುದಿಲ್ಲ.

ಸೂಪರ್‌ವೈಸರ್ ಅತ್ತಿತ್ತ ನೋಡಿ ದನಿ ತಗ್ಗಿಸಿ ಕೇಳಿದ, "ನಮ್ಮ ಸಾಹೇಬರ ವಿಷಯ ಈ ಮುದುಕಿಗೆ ಯಾರು ಹೇಳಿದರು?"

೩. ಶುದ್ಧ ಕನ್ನಡ

ಕಥೆಗಳನ್ನು ಪುಸ್ತಕ ಮಾಡಲು ನಮ್ಮ ಕನ್ನಡ ಸಂಘ ಒಪ್ಪಿತು. ಆದರೆ ಮೈಸೂರು ಕಡೆಯ ನಮ್ಮ ಅಧ್ಯಕ್ಷರು ನಾನು ಟೇಪು ಕೇಳಿ ಬರೆದುಕೊಟ್ಟ ಪ್ರತಿಯಲ್ಲಿ 'ಐತಿ'ಗಳನ್ನೆಲ್ಲ 'ಇದೆ' ಮಾಡಿ, ಹೂಂಗಳನ್ನೆಲ್ಲ ಹೊಡೆದುಹಾಕಿದ್ದರು. ಅಜ್ಜಿಯ ಬಾಯಿಗೆ ಬಟ್ಟೆ ತುರುಕಿದ ಹಾಗೆ ಕಂಡು ನನಗೆ ಮೈಯೆಲ್ಲ ಉರಿಯಿತು.

"ಒಂದು 'ಐತಿ' ಹೋದರೂ ಪುಸ್ತಕವೇ ಬೇಡ" ಎಂದೆ.

"ಅಜ್ಜಿಯೇ ತೀರ್ಮಾನಿಸಲಿ. ನಾನು ತಿದ್ದಿದ್ದಕ್ಕೆ ಅವರು ಹೂಂ ಅನ್ನದಿದ್ದರೆ ನಿಮ್ಮದೇ ಅಚ್ಚಾಗಲಿ" ಎಂದರು ಅವರು.

ಕೂಕಟ್‌ಪಲ್ಲಿಯ ಅವರ ಮನೆಗೆ ಅಜ್ಜಿಯನ್ನು ಕರೆದೊಯ್ದೆ. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು ಓದಿದರು: "ಪರ್ವತವೊಂದರಲ್ಲಿ ಓರ್ವ ದೈತ್ಯನು ವಾಸಿಸುತ್ತಿದ್ದನು..."

ಅಜ್ಜಿ ಸುಮ್ಮನಿದ್ದರು. ಅಧ್ಯಕ್ಷರು ದನಿ ಏರಿಸಿದರು. ಅಜ್ಜಿ ಕೈ ಮುಗಿದುಕೊಂಡು ಕೂತೇ ಇದ್ದರು. ಒಂದು ಪುಟ ಮುಗಿಯಿತು.

"ಯಾಕಜ್ಜಿ, ಹೂಂ ಅಂತಾನೇ ಇಲ್ಲವಲ್ಲ?" ಎಂದು ಅಧ್ಯಕ್ಷರೇ ಕೇಳಿದರು.

"ಮಂತ್ರ ಮುಗೀಲಿ ಅಂತ ಕುಂತೀನ್ರಿ," ಎಂದರು ಅಜ್ಜಿ. "ಕಥಿ ಯಾವಾಗ ಶುರು ಮಾಡ್ತೀರಿ?"